ಸ್ಕಾಟ್ಸ್‌ಮನ್‌ಗೆ ಮೈಸೂರು ಪೇಟ

ಮಗು ಹುಟ್ಟಿದ ಮನೆಗೆ ಹೋದವರು ತೊಟ್ಟಿಲಿಗೆ ಬಗ್ಗಿ ಮೊದಲು ಕೇಳುವುದು ಒಂದೇ ಪ್ರಶ್ನೆ: ಯಾರ ಹಾಗಿದೆ? ಮೂಗು ಅಜ್ಜಿಯದು, ಹಣೆ ಸೋದರಮಾವನದು, ರಂಪ ಮಾತ್ರ ಅನುಮಾನವೇ ಇಲ್ಲ, ಅಪ್ಪನದು ಎಂದು ಪಾಲು ಹಂಚಿಕೆ ಮುಗಿದ ಮೇಲೇ ಕಾಫಿ. ನನ್ನ ಹವ್ಯಾಸವೂ ಹೆಚ್ಚುಕಡಿಮೆ ಇದೇ ಜಾತಿಯದು. ವ್ಯತ್ಯಾಸ ಇಷ್ಟೇ, ಮೂಗು ಒಪ್ಪಿಗೆಯಾಗದಿದ್ದರೆ ನಾನು ಅದನ್ನು ಗರಗಸದಲ್ಲಿ ಕೊಯ್ದು ಬೇರೆ ಮೂಗು ಅಂಟಿಸುತ್ತೇನೆ.

ನನ್ನ ಕೂಸು ಗೇಣುದ್ದದ ಮಾಡೆಲ್ ಉಗಿ ಎಂಜಿನ್. ಅಂಗಡಿಯಿಂದ ತಂದ ಎಂಜಿನ್ನನ್ನು ತಂದ ಹಾಗೇ ಓಡಿಸಿ ಸಂತೋಷಪಡುವ ಸಜ್ಜನರು ಲೋಕದಲ್ಲಿದ್ದಾರೆ. ಅವರ ಹೆಂಡತಿಯರು ಪುಣ್ಯವಂತರು. ನಾನು ಇನ್ನೊಂದು ಪಂಗಡದವನು. ನಮಗೆ ಯಾವುದೋ ಎಂಜಿನ್ ಬೇಡ. ಇಂಥದೇ ದರ್ಜೆಯ, ಇಂಥದೇ ಊರಿನಲ್ಲಿ ತಯಾರಾದ, ಸಾಧ್ಯವಾದರೆ ಇಂಥದೇ ನಂಬರಿನ ಎಂಜಿನ್ ಬೇಕು. ಅದು ಎಲ್ಲೂ ಸಿಗಕೂಡದು, ಸಿಕ್ಕಿದರೆ ನಮಗೆ ಕೆಲಸವಿಲ್ಲ.

ನನಗೆ ಬೇಕಾಗಿದ್ದದ್ದು ವೈಪಿ. ಮೀಟರ್ ಗೇಜ್ ಹಳಿಗಳ ಮೇಲೆ ದೇಶದುದ್ದಕ್ಕೂ ಪ್ಯಾಸೆಂಜರ್ ಗಾಡಿ ಎಳೆದ ಎಂಜಿನ್. 1949ರಿಂದ 1970ರವರೆಗೆ ಒಟ್ಟು 871 ತಯಾರಾದವು. ಮೊದಲ 20 ಅಮೆರಿಕದ ಬಾಲ್ಡ್‌ವಿನ್ ಕಂಪನಿಯವು, ಆಮೇಲೆ ಗ್ಲಾಸ್ಗೋದ ನಾರ್ತ್ ಬ್ರಿಟಿಷ್ ಮತ್ತು ಮ್ಯೂನಿಕ್‌ನ ಕ್ರೌಸ್ ಮಫೈ ಕಾರ್ಖಾನೆಗಳಿಂದ ತಲಾ 200, ಮಿಕ್ಕ 451 ನಮ್ಮ ಜಮ್ಶೆಡ್‌ಪುರದ ಟೆಲ್ಕೊದವು. ಮಾವನವರು ಮೈಸೂರು ಕಡೆ ಇದೇ ಎಂಜಿನ್ನಿಗೆ ಕಲ್ಲಿದ್ದಲು ಹಾಕಿ ರಿಟೈರ್ ಆದವರು. ಅವರ ಹುಟ್ಟುಹಬ್ಬಕ್ಕೆ ಉಡುಗೊರೆ ಎಂಬ ನೆಪ ನನಗೆ ಸಿಕ್ಕಿತು. ಹಬ್ಬ ಕಳೆದುಹೋಯಿತು, ನೆಪ ಇನ್ನೂ ಗಟ್ಟಿಮುಟ್ಟಾಗಿದೆ.

ಇಲ್ಲಿ ಒಂದಿಷ್ಟು ಲೆಕ್ಕ. ಬೇಸರವಾದವರು ಮುಂದಿನ ಪ್ಯಾರಾಕ್ಕೆ ಹೋಗಬಹುದು, ನನ್ನ ಹೆಂಡತಿ ಯಾವಾಗಲೂ ಹಾಗೆಯೇ ಮಾಡುವುದು. ಒಂದು ಮೀಟರ್ ಅಗಲದ ಹಳಿಯನ್ನು 87ರಲ್ಲಿ ಒಂದು ಪಾಲಿಗೆ ಇಳಿಸಿದರೆ ಸುಮಾರು 11.5 ಮಿಲಿಮೀಟರ್, 12 ಮಿಲಿಮೀಟರಿನ ಹಳಿ ಬಜಾರಿನಲ್ಲಿ ಉಂಟು. ಆದರೆ ಅದು ಹುಟ್ಟಿದ್ದು ಬೇರೆಯವರಿಗಾಗಿ, ಮೀಟರಿಗಿಂತ ಅಗಲವಾದ ಸ್ಟ್ಯಾಂಡರ್ಡ್ ಗೇಜಿನ, 120ರಲ್ಲಿ ಒಂದು ಪಾಲಿಗೆ ಇಳಿಸಿದ ಬಂಡಿಗಳಿಗಾಗಿ. ಇಂಗ್ಲೆಂಡಿನ ಹಾರ್ನ್‌ಬಿ ಕಂಪನಿ 2022ರಲ್ಲಿ ಈ ಅಳತೆಯ ಸಾಲು ಹೊರತಂದಾಗ ಅದರಲ್ಲಿ ಜಗದ್ವಿಖ್ಯಾತ ಫ್ಲೈಯಿಂಗ್ ಸ್ಕಾಟ್ಸ್‌ಮನ್ ಕೂಡ ಇತ್ತು. ಅದರ ದೊಡ್ಡ ಗಾಲಿಯ ವ್ಯಾಸ ಅಸಲಿಯಲ್ಲಿ 2032 ಮಿಲಿಮೀಟರ್, 120ರಿಂದ ಭಾಗಿಸಿದರೆ 16.9. ವೈಪಿಯದು 1372, ಅದನ್ನು 87ರಿಂದ ಭಾಗಿಸಿದರೆ 15.8. ಎರಡಕ್ಕೂ ಮುಂದೆ ನಾಲ್ಕು ಗಾಲಿ, ನಡುವೆ ಆರು, ಹಿಂದೆ ಎರಡು. ರಾತ್ರಿ ಹನ್ನೊಂದಕ್ಕೆ ಈ ಸತ್ಯ ಹೊಳೆದಾಗ ನಾನು ಎಷ್ಟು ಜೋರಾಗಿ ಕೂಗಿದೆನೆಂದರೆ ಪಕ್ಕದ ಮನೆಯವರು ಬಂದು ಯಾರಿಗೆ ಕೆಲಸ ಸಿಕ್ಕಿತು ಎಂದು ವಿಚಾರಿಸಿದರು.

ಪೆಟ್ಟಿಗೆ ಬಂತು. ತಿಳಿಹಸಿರು ಮೈ, ಹೊಳೆಯುವ ಗೆರೆಗಳು. ಹೆಂಡತಿ ಅದನ್ನು ಅಂಗೈ ಮೇಲೆ ಇಟ್ಟುಕೊಂಡು ಮೊದಲ ಬಾರಿಗೆ ನನ್ನ ಖರ್ಚನ್ನು ಮೆಚ್ಚಿದಳು. ನಾನು ಸ್ಕ್ರೂಡ್ರೈವರ್ ಎತ್ತಿಕೊಂಡೆ.

“ಏನ್ ಮಾಡ್ತಿದೀರಿ?”

“ಮೈ ಬಿಚ್ಚುತ್ತೀನಿ. ಗಾಲಿ ಮಾತ್ರ ಬೇಕು.”

“ಇಷ್ಟು ಲಕ್ಷಣವಾಗಿರೋ ಸ್ಕಾಟ್ಸ್‌ಮನ್ನನ್ನ ಕೆಡಿಸ್ತೀರಾ?”

ಇದಕ್ಕೆ ನಾನು ಸಿದ್ಧನಾಗಿಯೇ ಇದ್ದೆ. ಈ ಆಸಾಮಿ ಹೆಸರಿಗೆ ಮಾತ್ರ ಸ್ಕಾಟ್ಸ್‌ಮನ್. ಹುಟ್ಟಿದ್ದು 1923ರಲ್ಲಿ, ಇಂಗ್ಲೆಂಡಿನ ಡಾನ್‌ಕಾಸ್ಟರ್‌ನಲ್ಲಿ. ಲಂಡನ್‌ನಿಂದ ಎಡಿನ್‌ಬರೋಗೆ ಹೋಗುವ ಗಾಡಿಯ ಹೆಸರನ್ನು ತಾನು ಇಟ್ಟುಕೊಂಡಿದ್ದಾನೆ, ಅಷ್ಟೆ. ಗ್ಲಾಸ್ಗೋದಲ್ಲಿ, ಅಂದರೆ ಅಪ್ಪಟ ಸ್ಕಾಟ್ಲೆಂಡಿನ ಮಣ್ಣಿನಲ್ಲಿ ಹುಟ್ಟಿದವರು ನಮ್ಮ 200 ವೈಪಿಗಳು. ಆದ್ದರಿಂದ ನಾನು ಇವನನ್ನು ಕೆಡಿಸುತ್ತಿಲ್ಲ, ಮೊದಲ ಸಲ ನಿಜವಾದ ಸ್ಕಾಟ್ಸ್‌ಮನ್ ಮಾಡುತ್ತಿದ್ದೇನೆ.

ಅವಳು ಕ್ಷಣ ಯೋಚಿಸಿ, “ನೀವು ಹುಟ್ಟಿದ್ದು ತಿಪಟೂರಲ್ಲಿ. ಹಾಗಂತ ತಲೆ ಬೋಳಿಸಿ ಕೊಬ್ಬರಿ ಅಂತ ಮಾರಲಾ?” ಎಂದಳು.

ಹಸಿರು ಮೈಯನ್ನು ಅವಳು ವಶಪಡಿಸಿಕೊಂಡು ಷೋಕೇಸಿನಲ್ಲಿ ಚನ್ನಪಟ್ಟಣದ ಗೊಂಬೆಗಳ ನಡುವೆ ಇಟ್ಟಳು. ಬಂದವರೆಲ್ಲ ಅದನ್ನೇ ಹೊಗಳುತ್ತಾರೆ. ಒಳಗೆ ಗಾಲಿಯಿಲ್ಲ ಎಂದು ನಾನೂ ಹೇಳಲು ಹೋಗುವುದಿಲ್ಲ.

ಇತ್ತ ನನ್ನ ಮುಂದೆ ಬೆತ್ತಲೆ ಗಾಲಿಗಳು. ಸ್ಕಾಟ್ಸ್‌ಮನ್‌ಗೆ ಸಿಲಿಂಡರ್ ಮೂರು, ವೈಪಿಗೆ ಎರಡು. ನಡುವಿನದು ಹೇಗೂ ಹೊರಗೆ ಕಾಣುವುದಿಲ್ಲವಾದ್ದರಿಂದ ತೆಗೆಯುವ ಶ್ರಮ ಉಳಿಯಿತು. ಇಂಗ್ಲಿಷ್ ಎಂಜಿನ್ನಿನ ಮೂತಿಯಲ್ಲಿ ಅಕ್ಕಪಕ್ಕ ಎರಡು ಬಫರ್ ಇದ್ದರೆ ನಮ್ಮ ಮೀಟರ್ ಗೇಜಿನವಕ್ಕೆ ನಟ್ಟನಡುವೆ ಒಂದೇ. ಅವನಿಗೆ ಗಾಲಿಯ ಮೇಲೆ ಬಾಗಿದ ಮುಚ್ಚಳಗಳು, ಇವನಿಗೆ ಗಾಲಿಯೆಲ್ಲ ಬಟಾಬಯಲು, ನಡೆದಾಡುವ ಹಲಗೆ ಎತ್ತರದಲ್ಲಿ. ಮುಂದೆ ದನ ತಳ್ಳುವ ಜಾಲರಿ. ನೆತ್ತಿಯ ಮೇಲೆ ದೊಡ್ಡ ದೀಪ, ಅದೇ ನನ್ನ ಲೆಕ್ಕದಲ್ಲಿ ಮೈಸೂರು ಪೇಟ. ಇಷ್ಟಾಯಿತೆಂದರೆ ಸನ್ಮಾನ ಪೂರ್ತಿ.

ಇದು ಅಪಚಾರ ಎನ್ನುವವರಿಗೆ ಒಂದು ಮಾತು. ಅಸಲಿ ಸ್ಕಾಟ್ಸ್‌ಮನ್ 1969ರಲ್ಲಿ ಅಮೆರಿಕ ಪ್ರವಾಸಕ್ಕೆ ಹೋದಾಗ ಅಲ್ಲಿನ ಕಾನೂನಿಗೆ ತಲೆಬಾಗಿ ದನ ತಳ್ಳುವ ಜಾಲರಿ, ಗಂಟೆ, ದೊಡ್ಡ ದೀಪ ಎಲ್ಲವನ್ನೂ ತೊಟ್ಟುಕೊಂಡಿತ್ತು. ಅಮೆರಿಕದವರಿಗೆ ವೇಷ ಹಾಕಿದವನು ಮೈಸೂರಿನವರಿಗೆ ಹಾಕಬಾರದೇ?

ಬಾಯ್ಲರಿಗೆ ಎಲೆಕ್ಟ್ರಿಷಿಯನ್ ಬಿಟ್ಟುಹೋದ ಪೈಪು. ದೇಹಕ್ಕೆ ಪ್ಲಾಸ್ಟಿಕ್ ಹಾಳೆ. ಕಲ್ಲಿದ್ದಲಿಗೆ ಬೀದಿ ಕೊನೆಯ ಇಸ್ತ್ರಿಯವನ ಇದ್ದಿಲು, ಪುಡಿ ಮಾಡಿ ಜರಡಿ ಹಿಡಿದು. ಜರಡಿ ಅಡುಗೆಮನೆಯದು, ಆ ವಿಷಯ ಬೇಡ. ಬಾಯ್ಲರಿನ ಮೇಲಿನ ಗುಬ್ಬಿಗೆ ರವಿಕೆಯ ಟಿಚ್ ಬಟನ್ ಎಷ್ಟು ಸರಿಯಾಗಿ ಕೂತಿತೆಂದರೆ ಗ್ಲಾಸ್ಗೋದವರು ಅದನ್ನೇ ನೋಡಿ ಅಚ್ಚು ಹಾಕಿದ್ದಿರಬೇಕು. ದೀಪದ ಗಾಜಿಗೆ ಹೊಳೆಯುವ ಬಿಂದಿ. ತೊಡಕಾದದ್ದು ಕೈಹಿಡಿ ಸರಳು. ಅಂಗುಲ ದಪ್ಪದ ಸರಳು 87ನೇ ಪಾಲಿಗೆ ಇಳಿದರೆ ಹತ್ತಿರ ಹತ್ತಿರ 0.3 ಮಿಲಿಮೀಟರ್. ಅಷ್ಟು ತೆಳ್ಳಗಿನ, ಅಷ್ಟು ನೇರವಾದ ಉಕ್ಕಿನ ತಂತಿ ನಮ್ಮ ಮನೆಯಲ್ಲಿ ಇದ್ದದ್ದು ಒಂದೇ ಕಡೆ, ವೀಣೆಯ ಸಾರಣಿಯಲ್ಲಿ.

ಹೆಂಡತಿಯ ವೀಣೆ ಅದು. ವರ್ಷಕ್ಕೊಮ್ಮೆ ನವರಾತ್ರಿಯಲ್ಲಿ ಗವಸು ತೆಗೆಯುತ್ತಾಳೆ, ಆದ್ದರಿಂದ ನನಗೆ ಧಾರಾಳವಾಗಿ ಸಮಯವಿದೆ ಎಂದುಕೊಂಡಿದ್ದೆ. ಆ ವಾರವೇ ಯಾರೋ ಹೆಣ್ಣು ನೋಡಲು ಬರುವವರಿಗಾಗಿ ಪಕ್ಕದ ಮನೆಯವರು ವೀಣೆ ಎರವಲು ಕೇಳಿದರು. ಮುಂದಿನದನ್ನು ವಿವರಿಸುವುದಿಲ್ಲ. ಸಂಬಂಧ ಕುದುರಿತು, ಹುಡುಗಿ ನುಡಿಸದೇ ಇದ್ದದ್ದೇ ಕಾರಣವೆಂದು ನನ್ನ ನಂಬಿಕೆ.

ಕಪ್ಪು ಬಣ್ಣ ಬಳಿದು, ಒಣಗಿಸಿ, ಕೊನೆಗೂ ಮಾವನವರ ಮುಂದೆ ಇಟ್ಟೆ. ಅವರು ಕನ್ನಡಕ ಒರೆಸಿಕೊಂಡರು. ಗುಬ್ಬಿ ನೋಡಲಿಲ್ಲ, ದೀಪ ನೋಡಲಿಲ್ಲ, ನಾನು ಸೂಜಿಯಲ್ಲಿ ಒತ್ತಿ ಒತ್ತಿ ಮೂಡಿಸಿದ ರಿವೆಟ್ಟುಗಳ ಸಾಲಿನ ಮೇಲೆ ಬೆರಳಾಡಿಸಿದರೂ ಗಮನಿಸಲಿಲ್ಲ. ಎಂಜಿನ್ನನ್ನು ತಿರುಗಿಸಿ ಹಿಂಭಾಗದಿಂದ ಕ್ಯಾಬಿನೊಳಗೆ ಇಣುಕಿದರು.

“ಇದರಲ್ಲಿ ನಾನೆಲ್ಲಿ ನಿಲ್ಲೋದು?”

ಕ್ಯಾಬಿನೊಳಗೆ ಖಾಲಿ. ಹೊರಗಿನಿಂದ ಯಾರಿಗೂ ಕಾಣುವುದಿಲ್ಲವಲ್ಲ ಎಂದು ನಾನು ಅಲ್ಲಿ ಏನೂ ಇಟ್ಟಿರಲಿಲ್ಲ. ಮಾವನವರು ಅರ್ಧ ಜೀವಮಾನ ಕಳೆದದ್ದು ಅಲ್ಲೇ. ಹೊರಗಿನ ಚಂದ ಪ್ಲಾಟ್‌ಫಾರ್ಮಿನಲ್ಲಿ ನಿಂತವರಿಗೆ. ಅವರು ಕಂಡದ್ದು ಬೆಂಕಿಬಾಗಿಲು, ಸಲಿಕೆ, ಡ್ರೈವರನ ಬೆನ್ನು.

ಸರಿ, ಬೆಂಕಿಬಾಗಿಲು ಮಾಡಿದೆ. ಸಲಿಕೆಯನ್ನು ಟೂತ್‌ಪೇಸ್ಟ್ ಟ್ಯೂಬಿನ ತಗಡಿನಲ್ಲಿ ಕತ್ತರಿಸಿದೆ. ಫೈರ್‌ಮನ್ ಬೇಕಲ್ಲ? ಈ ಅಳತೆಯ ಎರಡು ಸೆಂಟಿಮೀಟರ್ ಎತ್ತರದ ಗೊಂಬೆಗಳು ಜರ್ಮನಿಯಿಂದ ಬರುತ್ತವೆ. ನನಗೆ ಸಿಕ್ಕವನು ಟೊಪ್ಪಿ ಹಾಕಿ ಹೊಟ್ಟೆ ಬಿಟ್ಟ ಬವೇರಿಯಾದ ಪ್ರವಾಸಿ. ನಾನು ಅವನ ಹೊಟ್ಟೆ ಕೆರೆಯುತ್ತಿರುವಾಗ ಹೆಂಡತಿ ಹಿಂದಿನಿಂದ ನೋಡುತ್ತಿದ್ದಳು.

“ಅಪ್ಪ ತಲೆಗೆ ಟವೆಲ್ ಸುತ್ತುತ್ತಿದ್ರು, ಕೆಂಪು ಅಂಚಿಂದು. ಕೊಡಿ ಇಲ್ಲಿ.”

ರಂಗೋಲಿ ಹಾಕುವ ಕೈ. ನನ್ನ ಅತಿ ತೆಳ್ಳಗಿನ ಕುಂಚ ದಪ್ಪವಾಯಿತೆಂದು ಅದರ ಕೂದಲು ಕತ್ತರಿಸಿ ಎರಡೇ ಉಳಿಸಿಕೊಂಡಳು. ಟವೆಲ್ಲಿಗೆ ಅಂಚು ಬಂತು, ಬವೇರಿಯಾದವನಿಗೆ ಮಾವನವರ ಮೀಸೆ ಬಂತು. ಆಮೇಲೆ ಅವಳು ಎಂಜಿನ್ನನ್ನು ಕಣ್ಣಿನ ಮಟ್ಟಕ್ಕೆ ಎತ್ತಿ ಹಿಡಿದಳು. ಎರಡನೇ ಗುಬ್ಬಿ ಸೊಟ್ಟಗಿದೆ ಎಂದಳು. ಚಿಮಣಿ ಒಂದು ಕೂದಲು ಉದ್ದವಾಯಿತು ಎಂದಳು. ಫೋಟೋ ತರಿಸಿ ಪಕ್ಕದಲ್ಲಿಟ್ಟು ನೋಡಿದಳು, ಹೌದು, ಉದ್ದವಾಗಿತ್ತು. ಅಪ್ಪ ಮಗಳು ಸೇರಿ ನನ್ನನ್ನು ಕಾಫಿ ಮಾಡಲು ಕಳಿಸಿದರು.

ಲೋಟ ಹಿಡಿದು ಬರುವಷ್ಟರಲ್ಲಿ ಮೇಜಿನ ಮೇಲೆ ಹೊಸ ಪ್ಲಾಸ್ಟಿಕ್ ಹಾಳೆ ಹರಡಿತ್ತು. ಎಂಜಿನ್ ಹಿಂದೆ ಬೋಗಿ ಇಲ್ಲದೆ ಅಪ್ಪ ಯಾರನ್ನು ಎಳೆಯುವುದು ಎಂಬುದು ಅವಳ ಪ್ರಶ್ನೆ. ಪೆನ್ಸಿಲಿನಲ್ಲಿ ಕಿಟಕಿಗಳನ್ನು ಗುರುತು ಹಾಕುತ್ತ, ತಲೆ ಎತ್ತದೆ, “ಒಂದೊಂದು ಕಿಟಕಿಗೂ ಅಡ್ಡ ಸರಳು ಬೇಕು. ವೀಣೆಯಲ್ಲಿ ಇನ್ನೆಷ್ಟು ತಂತಿ ಉಳಿದಿದೆ ನೋಡ್ಕೊಂಡ್ ಬನ್ನಿ” ಎಂದಳು.