ಮುನಿಸು ನಿವಾರಣೆಯಲ್ಲಿ ಲಗ್ನಪತ್ರಿಕೆಯ ಪಾತ್ರ: ಒಂದು ಶಾಸ್ತ್ರೀಯ ವಿವೇಚನೆ

ಲಗ್ನಪತ್ರಿಕೆ ಎಂದರೇನು? ಮದುವೆಯ ದಿನ, ಸ್ಥಳ, ವೇಳೆ ತಿಳಿಸುವ ಕಾಗದ ಎನ್ನುವುದು ಪೂರ್ವಪಕ್ಷ. ಪಂಡಿತರು ಇದನ್ನು ಒಪ್ಪುವುದಿಲ್ಲ. ಅಷ್ಟೇ ಆಗಿದ್ದರೆ ಅಂಚೆ ಕಾರ್ಡಿನ ಮೂರು ಸಾಲು ಸಾಕಿತ್ತು. ಬೆಂಗಳೂರಿನ ಸುಲ್ತಾನ್‌ಪೇಟೆಯಲ್ಲಿ ಸಾಲುಸಾಲಾಗಿ ಕಾರ್ಡಿನ ಅಂಗಡಿಗಳು ಏಳುತ್ತಿರಲಿಲ್ಲ. ನಂಟರಿಷ್ಟರಲ್ಲಿ ಏಳಬಹುದಾದ ಮುನಿಸನ್ನು ಮೊದಲೇ ತಡೆಯಲು, ತಡೆಯಲಾಗದಿದ್ದರೆ ಅದಕ್ಕೊಂದು ಲಿಖಿತ ಆಧಾರ ಒದಗಿಸಲು ಅಚ್ಚು ಹಾಕಿಸುವ ದಾಖಲೆಯೇ ಲಗ್ನಪತ್ರಿಕೆ ಎಂಬುದು ಸಿದ್ಧಾಂತ.

ನೆತ್ತಿಯ ಮೇಲೆ ಮನೆದೇವರು 'ಪ್ರಸನ್ನ'ನಾಗಿರಬೇಕು. ಗಂಡಿನ ಕಡೆಯ ದೇವರು ಬೇರೆ, ಹೆಣ್ಣಿನ ಕಡೆಯ ದೇವರು ಬೇರೆ ಆದಲ್ಲಿ ಯಾರನ್ನು ಮೇಲೆ ಕೂರಿಸುವುದು? ಎರಡೂ ಕಡೆಯವರು ತಂತಮ್ಮ ಪತ್ರಿಕೆಯನ್ನು ಬೇರೆಬೇರೆಯಾಗಿ ಅಚ್ಚು ಹಾಕಿಸುವ ಪದ್ಧತಿ ಈ ದೈವಸಂಕಟವನ್ನು ಎಂದೋ ಪರಿಹರಿಸಿದೆ.

ಬಳಿಕ ಕಾಲನಿರ್ಣಯ. 'ಸ್ವಸ್ತಿಶ್ರೀ ವಿಜಯಾಭ್ಯುದಯ ಶಾಲಿವಾಹನ ಶಕ 1947ನೇ ವಿಶ್ವಾವಸು ನಾಮ ಸಂವತ್ಸರದ' ಎಂದು ಹೊರಡುವ ವಾಕ್ಯ ಅಯನ, ಋತು, ಮಾಸ, ಪಕ್ಷ, ತಿಥಿ, ನಕ್ಷತ್ರಗಳನ್ನೆಲ್ಲ ದಾಟಿಕೊಂಡು, ಬೆಳಿಗ್ಗೆ ಇಷ್ಟರಿಂದ ಇಷ್ಟರವರೆಗೆ 'ಸಲ್ಲುವ' ಶುಭ ಲಗ್ನಕ್ಕೆ ಬಂದು ಉಸಿರು ಬಿಡುತ್ತದೆ. ಇಷ್ಟು ಕರಾರುವಾಕ್ಕಾದ ವೇಳೆಯನ್ನು ಓದಿದವರು ಹನ್ನೊಂದೂವರೆಗೆ, ನೇರವಾಗಿ ಊಟದ ಹಾಲಿಗೆ, ಹಾಜರಾಗುತ್ತಾರೆ. ಹಳೆ ಮೈಸೂರಿನ ಕಡೆ ಆರತಕ್ಷತೆ ಧಾರೆಯ ಹಿಂದಿನ ಸಂಜೆಯೇ ನಡೆಯುವುದರಿಂದ, ಮದುವೆಗೆ ಮೊದಲೇ ಮದುವೆ ಮುಗಿಸಿಕೊಂಡು ಹೋಗುವ ಸೌಲಭ್ಯವೂ ಅಲ್ಲಿ ಉಂಟು.

ಸಂಕ್ಷೇಪಾಕ್ಷರಗಳದ್ದೇ ಒಂದು ಪ್ರತ್ಯೇಕ ಶಾಖೆ. ವರ 'ಚಿ||ರಾ||', ವಧು 'ಚಿ||ಸೌ||'. ತಾಳಿ ಬೀಳುವುದಕ್ಕೆ ತಿಂಗಳಿರುವಾಗಲೇ ಆಕೆ ಅಚ್ಚಿನಲ್ಲಿ ಸೌಭಾಗ್ಯವತಿ. ಹಳೆಯ ಪತ್ರಗಳಲ್ಲಿ 'ಮ||ರಾ||ರಾ||ಶ್ರೀ' ಎಂದರೆ ಮಹಾರಾಜ ರಾಜಶ್ರೀ; ತಾಲ್ಲೂಕು ಕಚೇರಿಯ ಗುಮಾಸ್ತರೂ ಲಕೋಟೆಯ ಮೇಲೆ ಮಹಾರಾಜರೇ. ಗತಿಸಿದ ಹಿರಿಯರ ಹೆಸರಿನ ಹಿಂದಿನ ಎರಡಕ್ಷರ ಇನ್ನೂ ಸೂಕ್ಷ್ಮ. 'ವೈ||ವಾ||' ಎಂದರೆ ವೈಕುಂಠವಾಸಿ, 'ಕೈ||ವಾ||' ಎಂದರೆ ಕೈಲಾಸವಾಸಿ. ಶರಣರ ಮನೆಯಾದರೆ 'ಲಿಂಗೈಕ್ಯ'. ಕಂಪೋಸ್ ಮಾಡುವವನ ಕೈ ಒಂದಕ್ಷರ ತಪ್ಪಿದರೆ ಶ್ರೀವೈಷ್ಣವ ಅಜ್ಜನೊಬ್ಬ ಶಾಶ್ವತವಾಗಿ ಶಿವನ ಪಾಲಾಗಬಹುದು. ಕರಡು ತಿದ್ದುವ ಕೆಲಸವನ್ನು ಮನೆಯ ನಿವೃತ್ತ ಮೇಷ್ಟರಿಗೇ ಒಪ್ಪಿಸುವುದು ಇದಕ್ಕಾಗಿ.

ಇನ್ನು ಪತ್ರಿಕೆಯ ಜೀವಾಳ, 'ಸುಖಾಗಮನ ಬಯಸುವವರು'. ನಂಟರು ಪತ್ರಿಕೆ ಬಿಚ್ಚಿ ಮೊದಲು ಓದುವುದು ಇದನ್ನೇ. ಗಂಡು ಯಾರು, ಹೆಣ್ಣು ಯಾರು ಎಂಬುದೆಲ್ಲ ಆಮೇಲೆ. ಚಿಕ್ಕಪ್ಪನ ಹೆಸರು ದೊಡ್ಡಪ್ಪನಿಗಿಂತ ಮೇಲೆ ಬಂದರೆ ಒಂದು ಬಣ, ಸೋದರಮಾವನ ಹೆಸರೇ ಬಿಟ್ಟುಹೋದರೆ ಎರಡು. ಕುವೆಂಪು ರೂಪಿಸಿದ ಮಂತ್ರಮಾಂಗಲ್ಯದಲ್ಲಿ ಪುರೋಹಿತರಿಲ್ಲ, ಮುಹೂರ್ತದ ಕಟ್ಟಿಲ್ಲ. 1966ರಲ್ಲಿ ಮಗ ಪೂರ್ಣಚಂದ್ರ ತೇಜಸ್ವಿಯವರ ಮದುವೆ ಹಾಗೆಯೇ ಆಯಿತು. ಆ ದಾರಿ ಹಿಡಿದವರ ಪತ್ರಿಕೆಗಳಿಂದ ಪಂಚಾಂಗವೇನೋ ಉದುರಿತು; 'ಸುಖಾಗಮನ ಬಯಸುವವರು' ಮಾತ್ರ ಹಲವೆಡೆ ಉಳಿದುಕೊಂಡರು. ಕ್ರಾಂತಿಗೂ ಸೋದರಮಾವಂದಿರಿರುತ್ತಾರೆ.

ವಿಳಾಸ ಬರೆಯುವಾಗ 'ಮತ್ತು ಕುಟುಂಬ ವರ್ಗದವರಿಗೆ' ಎಂಬ ಮಾತು ಬಿಡಬಾರದು. ಬಿಟ್ಟರೆ 'ನಮ್ಮಿಬ್ಬರನ್ನೇ ಕರೆದಿದ್ದಾರೆ' ಎಂದು ಅರ್ಥ. ಒಳಗೆ 'ಸಕುಟುಂಬ ಸಪರಿವಾರ ಸಮೇತ' ಎಂದು ಎಷ್ಟು ದಪ್ಪಕ್ಷರದಲ್ಲಿದ್ದರೂ ನಡೆಯದು.

ರವಾನೆಯ ವಿಧಾನಗಳಿಗೂ ಮೇಲುಕೀಳುಂಟು. ಗಂಡಹೆಂಡತಿ ಇಬ್ಬರೂ, ರಾಹುಕಾಲ ತಪ್ಪಿಸಿ, ಮನೆಗೆ ಬಂದು, ಕುಂಕುಮ ಕೊಟ್ಟು, ಮೂಲೆಗಳಿಗೆ ಅರಿಸಿನ ಹಚ್ಚಿದ ಪತ್ರಿಕೆಯನ್ನು ಅಕ್ಷತೆಯೊಂದಿಗೆ ಕೈಗಿಡುವುದು ಉತ್ತಮ. ಅಂಚೆಯಲ್ಲಿ ಕಳಿಸಿ ಫೋನು ಮಾಡುವುದು ಮಧ್ಯಮ. ಕಚೇರಿಯ ನೋಟಿಸ್ ಬೋರ್ಡಿಗೆ 'ಎಲ್ಲ ಸಿಬ್ಬಂದಿಗೆ' ಎಂದು ಒಂದೇ ಪತ್ರಿಕೆ ಚುಚ್ಚುವುದು ಅಧಮ. ವಾಟ್ಸ್ಆ್ಯಪ್ ಅನ್ನು ಎಲ್ಲಿಡಬೇಕೆಂಬ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ. ನೀಲಿ ಗೆರೆ ಬಿದ್ದರೂ ಕರೆದಂತಾಗಲಿಲ್ಲ ಎಂಬುದು ಸೋದರತ್ತೆಯರ ಪಂಥ. 'ಕಾರ್ಡೇನೋ ಬಂತಪ್ಪ, ಬಾಯಿ ತುಂಬ ಕರೀಲಿಲ್ಲ' ಎಂಬ ಅವರ ಸೂತ್ರಕ್ಕೆ ಈವರೆಗೆ ಯಾರೂ ಖಂಡನೆ ಬರೆದಿಲ್ಲ.

ಈ ಶಾಸ್ತ್ರದಲ್ಲಿ ಮುನಿಸಿಲ್ಲದ ಅತಿಥಿ ಒಬ್ಬನೇ, ತಿರುಮಲದ ವೆಂಕಟೇಶ್ವರ. ಅಂಚೆಯಲ್ಲಿ ಬಂದರೂ ಅವನಿಗೆ ಬೇಸರವಿಲ್ಲ. ತಿರುಮಲ ತಿರುಪತಿ ದೇವಸ್ಥಾನಕ್ಕೆ ಲಗ್ನಪತ್ರಿಕೆ ಕಳಿಸಿದವರಿಗೆ ಅಲ್ಲಿಂದ ಅಕ್ಷತೆ, ಕುಂಕುಮ ಮರಳಿ ಬರುತ್ತವೆ. ಬರುತ್ತೇನೆ, ಬರುವುದಿಲ್ಲ ಎಂದು ತಿಳಿಸುವ ಅಭ್ಯಾಸವೇ ಇಲ್ಲದ ನಮ್ಮ ನಾಡಿನಲ್ಲಿ ಪತ್ರಿಕೆಗೆ ಉತ್ತರ ಬರೆಯುವ ಸಂಪ್ರದಾಯವನ್ನು ದೇವರೇ ಉಳಿಸಿಕೊಂಡಿದ್ದಾನೆ.

ಕಡೆಯದಾಗಿ ಮದುಮಕ್ಕಳಲ್ಲಿ ಒಂದು ಮನವಿ. ಹಂಚುವ ಭರದಲ್ಲಿ ಎಲ್ಲವನ್ನೂ ಕೊಟ್ಟು ಬರಿಗೈ ಆಗಬೇಡಿ. ಮದುವೆ ನೋಂದಣಿಗೆ ಹೋದಾಗ ಉಪನೋಂದಣಿ ಕಚೇರಿಯಲ್ಲಿ ಫೋಟೋ, ವಯಸ್ಸಿನ ದಾಖಲೆಗಳ ಜೊತೆಗೆ ಲಗ್ನಪತ್ರಿಕೆಯನ್ನೂ ಕೇಳುತ್ತಾರೆ. ಒಂದು ಪ್ರತಿ ಕಪಾಟಿನಲ್ಲಿರಲಿ. ಅದರಲ್ಲಿರುವ ನಿಮ್ಮ ಹೆಸರಿಗೂ ಆಧಾರ್ ಕಾರ್ಡಿನ ಹೆಸರಿಗೂ ತಾಳೆಯಾಗುತ್ತದೆಯೇ ಎಂದು ಈಗಲೇ ನೋಡಿಕೊಳ್ಳಿ.