ನಯಾಪುಲ್ ದಾಟಿದರೆ ಇಟಲಿ

ಬೇಸಿಗೆ ಬಂತೆಂದರೆ ನಮ್ಮ ಹೈದರಾಬಾದಿನ ಕಾಚಿಗುಡದ ಕನ್ನಡಿಗರಲ್ಲಿ ಯಾರಾದರೊಬ್ಬರು ಯುರೋಪಿಗೆ ಹೋಗಿಬರುತ್ತಾರೆ. ಬಂದವರು ಮಳೆಗಾಲ ಮುಗಿಯುವತನಕ ಬೇರೆ ಮಾತೇ ಆಡುವುದಿಲ್ಲ. ನನ್ನ ಷಡ್ಡಕ ವೀಸಾ ಸಿಗಲೆಂದು ಚಿಲಕೂರು ಬಾಲಾಜಿಗೆ ಹನ್ನೊಂದು ಪ್ರದಕ್ಷಿಣೆ ಹಾಕಿದ. ಸಿಕ್ಕಿತು. ಹರಕೆ ತೀರಿಸಲು ನೂರೆಂಟು ಹಾಕಿದ. ಆ ನೂರೆಂಟು ಸುತ್ತಿಗೆ ಹಿಡಿದಷ್ಟು ಹೊತ್ತು ಕೂಡ ಅವನು ರೋಮಿನಲ್ಲಿ ಇರಲಿಲ್ಲ. ಬಸ್ಸಿನಿಂದ ಇಳಿಸಿದರಂತೆ, ಫೋಟೋ ತೆಗೆಸಿದರಂತೆ, ಮತ್ತೆ ಹತ್ತಿಸಿದರಂತೆ. ‘ಕೊಲೋಸಿಯಂ ಹ್ಯಾಂಗಿತ್ತಪಾ?’ ಎಂದು ಕೇಳಿದರೆ, ‘ಹತ್ರದಾಗs ಇಂಡಿಯನ್ ಹೋಟೆಲ್ ಇತ್ತು, ದಾಲ್ ಫ್ರೈ ಫಸ್ಟ್ ಕ್ಲಾಸ್’ ಎನ್ನುತ್ತಾನೆ.

ನನ್ನ ಯುರೋಪು ಹಾಗಲ್ಲ, ನಿಧಾನದ್ದು. ಚಪ್ಪಲಿ ಮೆಟ್ಟುವಾಗ ಹೆಂಡತಿ, ‘ಎಲ್ಲಿಗೆ ಹೊಂಟ್ರಿ?’ ಎನ್ನುತ್ತಾಳೆ. ‘ಯುರೋಪಿಗೆ’ ಎನ್ನುತ್ತೇನೆ. ‘ಬರೂಮುಂದ ಕೊತ್ತಂಬರಿ ತಗೊಂಡು ಬರ್ರಿ.’ ಅಫ್ಜಲ್‌ಗಂಜಿನಲ್ಲಿ ಬಸ್ಸಿಳಿದು, ಮೂಗು ಮುಚ್ಚಿಕೊಂಡು ನಯಾಪುಲ್ ಮೇಲೆ ಮೂಸಿ ನದಿ ದಾಟಿ, ಎಡಕ್ಕೆ ಹೊರಳಿದರೆ ಸಾಲಾರ್ ಜಂಗ್ ಮ್ಯೂಸಿಯಂ. ಅಲ್ಲಿಂದ ಮುಂದೆ ಇಟಲಿ, ಫ್ರಾನ್ಸ್, ಇಂಗ್ಲೆಂಡ್, ಎಲ್ಲವೂ ಒಂದೇ ಟಿಕೆಟ್ಟಿಗೆ.

ನಿಜಾಮರ ದಿವಾನರಾಗಿದ್ದ ಮೊದಲನೆಯ ಸಾಲಾರ್ ಜಂಗ್ 1876ರಲ್ಲಿ ಯುರೋಪಿಗೆ ಹೋಗಿ, ರೋಮಿನಲ್ಲಿ ಬೆಂಜೋನಿ ಎಂಬ ಶಿಲ್ಪಿ ಕೆತ್ತಿದ ‘ಮುಸುಕಿನ ರೆಬೆಕಾ’ಳನ್ನು ಕೊಂಡರು. ಅಮೃತಶಿಲೆಯ ಮುಖದ ಮೇಲೆ ಅಮೃತಶಿಲೆಯದೇ ಮುಸುಕು. ಒದ್ದೆ ಮಲ್ಲಿನ ಬಟ್ಟೆಯಂತೆ ಮುಖಕ್ಕೆ ಅಂಟಿಕೊಂಡಿದೆ. ಒಳಗಿನ ನಸುನಗೆ ಕಾಣುತ್ತದೆ. ಅದೇ ಪ್ರವಾಸದಲ್ಲಿ ದಿವಾನರು ಪ್ಯಾರಿಸಿನಲ್ಲಿ ಮೆಟ್ಟಿಲ ಮೇಲೆ ಜಾರಿ ಬಿದ್ದು ತೊಡೆಮೂಳೆ ಮುರಿದುಕೊಂಡರು. ಆದರೂ ಲಂಡನ್ ಬಿಡಲಿಲ್ಲ, ಗಾಲಿಕುರ್ಚಿಯಲ್ಲೇ ಓಡಾಡಿದರು. ಕಾಲು ಮುರಿದವರು ಯುರೋಪನ್ನು ನಿಧಾನವಾಗಿ ನೋಡಿರಲೇಬೇಕು ಎಂದು ಷಡ್ಡಕನೆದುರು ಒಮ್ಮೆ ಹೇಳಿದೆ. ಅವನು ಮೊಬೈಲಿನಲ್ಲಿ ಸ್ವಿಟ್ಜರ್‌ಲ್ಯಾಂಡಿನ ಹಸು ತೋರಿಸಿದ.

ರೆಬೆಕಾಳಿಗೆ ನಾನು ಕೊಡುವುದು ಸ್ವಲ್ಪವೇ ಹೊತ್ತು. ಹನ್ನೆರಡಕ್ಕೆ ಗಡಿಯಾರದ ಮುಂದೆ ಜಾಗ ಹಿಡಿಯಬೇಕಲ್ಲ! ಇಂಗ್ಲೆಂಡಿನ ಯಂತ್ರ, ಕಲ್ಕತ್ತೆಯ ಕುಕ್ ಅಂಡ್ ಕೆಲ್ವಿ ಕಂಪನಿಯ ಹೆಸರು. ಅದರೊಳಗೆ ಒಬ್ಬ ಪುಟ್ಟ ಕಮ್ಮಾರ ಸೆಕೆಂಡಿಗೊಂದರಂತೆ ಸುತ್ತಿಗೆ ಬಡಿಯುತ್ತಲೇ ಇರುತ್ತಾನೆ. ಅವನನ್ನು ಯಾರೂ ನೋಡುವುದಿಲ್ಲ. ದುಡಿಯುವವನನ್ನು ನೋಡಲು ಯಾರು ಬರುತ್ತಾರೆ? ಎಲ್ಲರೂ ಕಾಯುವುದು ಗಂಟೆಗೊಮ್ಮೆ ಬಾಗಿಲು ತೆರೆದು ಬಂದು ಗಂಟೆ ಬಾರಿಸುವ ಗಡ್ಡದವನಿಗಾಗಿ. ನಾನು ಬೇಗ ಹೋಗಿ ಮುಂದಿನ ಬೆಂಚಿನಲ್ಲಿ ಕರ್ಚೀಫು ಹಾಕುತ್ತೇನೆ. ಆರ್‌ಟಿಸಿ ಬಸ್ಸಿನ ಕಿಟಕಿಯಲ್ಲಿ ಇಂದಿಗೂ ನಡೆಯುವ ಈ ಕಾನೂನನ್ನು ಒಬ್ಬ ದಪ್ಪನೆಯ ಯಜಮಾನರು ಒಪ್ಪದೆ ಕರ್ಚೀಫಿನ ಮೇಲೆಯೇ ಕೂತುಬಿಟ್ಟರು. ಅರ್ಧ ಬೆಂಚಿನಲ್ಲಿ ಅರ್ಧ ಕೂತು ನಾನು ಜಾಹೀರು ಮಾಡಿದೆ: ‘ಇನ್ನು ಹತ್ತು ನಿಮಿಷ.’ ಯಾರೂ ಕೇಳಿರಲಿಲ್ಲ. ‘ಇನ್ನು ಏಳು.’ ಪಕ್ಕದ ಹುಡುಗಿ, ‘ತಾತಾ, ವಾಡು ಲೋಪಲ ಏಂ ಚೇಸ್ತುಂಟಾಡು?’ ಎಂದಳು. ಒಳಗೆ ಅವನೇನು ಮಾಡುತ್ತಿರಬಹುದು? ನಾನೂ ಯೋಚಿಸಿದೆ. ‘ಗಡ್ಡ ಬಾಚಿಕೊಳ್ಳುತ್ತಿದ್ದಾನೆ’ ಎಂದೆ. ಅವಳು ಅದನ್ನು ಅಮ್ಮನಿಗೆ ಹೇಳಿದಳು, ಅಮ್ಮ ಅಜ್ಜಿಗೆ, ಅಜ್ಜಿ ಹಿಂದಿನ ಸಾಲಿಗೆ. ಐದು ನಿಮಿಷ ಉಳಿದಿರುವಾಗ ಇಡೀ ಹಜಾರ ಒಬ್ಬ ಬೊಂಬೆಯ ಗಡ್ಡಕ್ಕಾಗಿ ಸಮಾಧಾನದಿಂದ ಕಾಯುತ್ತಿತ್ತು.

ಬಾಗಿಲು ತೆರೆಯಿತು. ಅವನು ಬಂದ. ಆ ಕ್ಷಣಕ್ಕೇ ನನ್ನ ಮುಂದೆ ಮೊಬೈಲುಗಳ ಕಾಡು ಎದ್ದಿತು. ಕರ್ಚೀಫಿನ ಯಜಮಾನರಂತೂ ಗಡಿಯಾರಕ್ಕೆ ಬೆನ್ನು ಮಾಡಿ ತಮ್ಮ ಮುಖವನ್ನೇ ಚಿತ್ರೀಕರಿಸತೊಡಗಿದರು. ಅಷ್ಟಕ್ಕೆ ಮುಂದಿನ ಬೆಂಚೇ ಬೇಕಿತ್ತೆ? ಮಕ್ಕಳು ತೆಲುಗಿನಲ್ಲಿ ಎಣಿಸುತ್ತಿದ್ದರು, ಬುರ್ಖಾದ ಹೆಂಗಸರು ಉರ್ದುವಿನಲ್ಲಿ, ನಾನು ಕನ್ನಡದಲ್ಲಿ. ತೆಲುಗು, ಕನ್ನಡ ಹನ್ನೆರಡಕ್ಕೆ ಮುಗಿದವು. ಉರ್ದು ಹದಿಮೂರು ಎಂದಿತು. ಚಪ್ಪಾಳೆ. ಗಡ್ಡದವನು ಒಳಗೆ ಹೋದ, ಜನ ಚದುರಿದರು. ಬೆಂಚೆಲ್ಲ ನನ್ನದಾಯಿತು. ಕಾವಲಿನವ ಬಂದು, ‘ಖತಮ್ ಹೋಗಯಾ ಸಾಬ್, ಚಲೋ’ ಎಂದ. ‘ಏಕ್ ಬಜೇ ಕಾ ಬಾಕೀ ಹೈ’ ಎಂದೆ. ಒಂದು ಗಂಟೆಗೆ ಗಡ್ಡದವನು ಹೊಡೆಯುವುದು ಒಂದೇ ಒಂದು ಏಟು. ಅದಕ್ಕಾಗಿ ಇಡೀ ಒಂದು ಗಂಟೆ ಕೂರುವ ಹುಚ್ಚನನ್ನು ಕಾವಲಿನವ ಪ್ರೀತಿಯಿಂದಲೇ ನೋಡಿ ಸುಮ್ಮನಾದ. ಕೂತೆ. ಹೊಡೆದ. ಚಪ್ಪಾಳೆ ನಾನೊಬ್ಬನೇ ತಟ್ಟಿದೆ.

ಮೆಡಿಟರೇನಿಯನ್‌ಗೆ ಹೆಚ್ಚು ಹೊತ್ತು ಬೇಡ. ವಾಪಸು ಬರುವಾಗ ಮೊಜಂಜಾಹಿ ಮಾರ್ಕೆಟ್ಟಿನಲ್ಲಿ ಇಳಿದು ಒಂದು ಕಪ್ ಹಣ್ಣಿನ ಐಸ್‌ಕ್ರೀಂ ತಿಂದರೆ ಸಾಕು. 1935ರ ಈ ಮಾರ್ಕೆಟ್ಟಿಗೆ ಹೆಸರು ಕೊಟ್ಟ ಮೊಅಜ್ಜಂ ಜಾಹ್ ಮತ್ತು ಅವರಣ್ಣ ಆಜಂ ಜಾಹ್, ಕೊನೆಯ ನಿಜಾಮರ ಈ ಇಬ್ಬರು ಮಕ್ಕಳ ಮದುವೆ 1931ರಲ್ಲಿ ನಡೆದದ್ದು ಫ್ರಾನ್ಸಿನ ಕಡಲತೀರದ ನೀಸ್ ನಗರದಲ್ಲಿ. ಅಣ್ಣನಿಗೆ ಕೊನೆಯ ಖಲೀಫರ ಮಗಳು ದುರ್ರುಶೆಹ್ವಾರ್, ತಮ್ಮನಿಗೆ ಅದೇ ಮನೆತನದ ನೀಲೋಫರ್.

ಐಸ್‌ಕ್ರೀಂ ತಿನ್ನುತ್ತಾ ಅಷ್ಟಕ್ಕೇ ನಿಲ್ಲಿಸಿಬಿಡಬಹುದು. ಆದರೆ ಆ ಹುಡುಗಿಯರು ನೀಸ್ ಸೇರಿದ್ದು ವಿಹಾರಕ್ಕಲ್ಲ. 1924ರಲ್ಲಿ ತುರ್ಕಿ ಖಲೀಫರ ಪದವಿಯನ್ನೇ ರದ್ದು ಮಾಡಿ ಮನೆತನವನ್ನು ದೇಶದಿಂದ ಹೊರಹಾಕಿದಾಗ ದುರ್ರುಶೆಹ್ವಾರ್‌ಗೆ ಹತ್ತು ವರ್ಷ; ನೀಲೋಫರ್ ಇನ್ನೂ ಚಿಕ್ಕವಳು. ಗೊತ್ತಿಲ್ಲದ ಊರಿಗೆ ಸೊಸೆಯಾಗಿ ಬಂದ ನೀಲೋಫರ್, ತನ್ನ ಸೇವಕಿ ಹೆರಿಗೆಯಲ್ಲಿ ತೀರಿಕೊಂಡದ್ದನ್ನು ಸಹಿಸಲಾರದೆ ತಾಯಿ-ಮಕ್ಕಳ ಆಸ್ಪತ್ರೆಯೊಂದು ಬೇಕೆಂದು ಹಟ ಹಿಡಿದಳು. ರೆಡ್ ಹಿಲ್ಸ್‌ನಲ್ಲಿ ಆ ಆಸ್ಪತ್ರೆ ಇಂದಿಗೂ ಅವಳ ಹೆಸರಿನಲ್ಲೇ ಇದೆ. ಅದರ ಗೇಟಿನಲ್ಲಿ ಕೂಸು ಎತ್ತಿಕೊಂಡು ನಿಂತವರ ನಡುವೆ ನಮ್ಮ ರಾಯಚೂರು, ಬೀದರ ಕಡೆಯ ಕನ್ನಡವೂ ನನ್ನ ಕಿವಿಗೆ ಬಿದ್ದಿದೆ. ಅವರ ಮುಂದೆ ನಿಂತು ‘ನಾನು ಯುರೋಪ್ ನೋಡಿ ಬಂದೆ’ ಎಂದು ಜಂಬ ಕೊಚ್ಚಲು ನನಗೂ ಆಗದು, ಷಡ್ಡಕನಿಗೂ ಆಗದು.

ಹೋಗುವವರು ಹೋಗಿಬನ್ನಿ, ಬೇಡವೆನ್ನುವುದಿಲ್ಲ. ಆದರೆ ವಿಮಾನ ಹತ್ತುವ ಮೊದಲು ಒಂದು ದಿನ ಆ ಗಡಿಯಾರದ ಮುಂದೆ ಹನ್ನೆರಡರಿಂದ ಒಂದರತನಕ ಕೂತು ನೋಡಿ. ಕೂರಲಾದರೆ ಟಿಕೆಟ್ ತೆಗೆಸಿ. ಆಗದಿದ್ದರೆ ಆ ದುಡ್ಡು ಬ್ಯಾಂಕಿನಲ್ಲೇ ಇರಲಿ. ಶುಕ್ರವಾರ ಮಾತ್ರ ಹೋಗಬೇಡಿ, ಅಂದು ಮ್ಯೂಸಿಯಮ್ಮಿಗೆ ರಜೆ.