ಸನ್ಮಾನಕ್ಕೆ ಆಟಗಾರ್ತಿ, ತೆರಿಗೆಗೆ ಜೂಜುಕೋರಳು

2018ರ ಜನವರಿ 20. ತಮ್ಮ ಕ್ಷೇತ್ರಗಳಲ್ಲಿ ಮೊದಲಿಗರೆನಿಸಿದ 112 ಮಹಿಳೆಯರಿಗೆ ರಾಷ್ಟ್ರಪತಿ ಭವನದಲ್ಲಿ ಸನ್ಮಾನ. ಆ ಸಾಲಿನಲ್ಲಿ ದೆಹಲಿಯ ಮುಸ್ಕಾನ್ ಸೇಠಿಯೂ ಇದ್ದರು. ಕ್ಷೇತ್ರ ಯಾವುದು? ಪೋಕರ್. ಅಂದರೆ ಇಸ್ಪೀಟು. ಅದೂ ದುಡ್ಡು ಕಟ್ಟಿ ಆಡುವ ಇಸ್ಪೀಟು.

ಕರೆದದ್ದು ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯ. ಸನ್ಮಾನಿಸಿದ್ದು ರಾಷ್ಟ್ರಪತಿ ರಾಮನಾಥ್ ಕೋವಿಂದ್. ದೇಶದ ಮೊದಲ ವೃತ್ತಿಪರ ಪೋಕರ್ ಆಟಗಾರ್ತಿ ಎಂದು ಸರ್ಕಾರವೇ ಮೊಹರು ಒತ್ತಿತು. ಅದೇ ವರ್ಷ ನಿಕಿತಾ ಲೂಥರ್ ಲಾಸ್ ವೇಗಸ್‌ಗೆ ಹೋಗಿ ವರ್ಲ್ಡ್ ಸೀರೀಸ್ ಆಫ್ ಪೋಕರ್‌ನಲ್ಲಿ ವಿಜೇತರಿಗೆ ಕೊಡುವ ಬ್ರೇಸ್‌ಲೆಟ್ ಗೆದ್ದರು. ಭಾರತದ ಹೆಣ್ಣುಮಗಳೊಬ್ಬಳಿಗೆ ಅದು ಮೊದಲ ಸಲ. ಎಲ್ಲರೂ ಚಪ್ಪಾಳೆ ತಟ್ಟಿದರು.

ಚಪ್ಪಾಳೆಗೆ ತೆರಿಗೆ ಇಲ್ಲವಲ್ಲ, ಧಾರಾಳ.

ಗೆದ್ದ ಹಣಕ್ಕೆ ಇದೆ. ಆದಾಯ ತೆರಿಗೆ ಕಾಯಿದೆ ಇಸ್ಪೀಟಿನ ಗೆಲುವನ್ನು ಲಾಟರಿ, ಕುದುರೆ ಜೂಜಿನ ಪಂಕ್ತಿಯಲ್ಲೇ ಕೂರಿಸಿತು. ನೇರ ಶೇ 30. ವಕೀಲರು ಖರ್ಚು ಕಳೆದು ಲೆಕ್ಕ ತೋರಿಸಬಹುದು, ವೈದ್ಯರು ತೋರಿಸಬಹುದು. ಪೋಕರ್ ಆಟಗಾರ್ತಿಯ ವಿಮಾನದ ಟಿಕೆಟ್ಟು, ಹೋಟೆಲ್ ಬಿಲ್ಲು ಲೆಕ್ಕಕ್ಕಿಲ್ಲ. ಈ ವರ್ಷದ ನಷ್ಟವನ್ನು ಮುಂದಿನ ವರ್ಷದ ಗೆಲುವಿನಲ್ಲಿ ಕಳೆಯುವಂತೆಯೂ ಇಲ್ಲ. ವೇದಿಕೆಯ ಮೇಲೆ ವೃತ್ತಿಪರಳು. ತೆರಿಗೆ ಕಚೇರಿಯಲ್ಲಿ ಅದೃಷ್ಟ ಖುಲಾಯಿಸಿದವಳು.

ಅದೃಷ್ಟವೇ? 52 ಎಲೆ. ಕೈಗೆ ಬರುವುದು ಎರಡು. ಎರಡೂ ಎಕ್ಕವೇ ಬರುವ ಸಂಭವ 221ಕ್ಕೆ ಒಂದು. ಉಳಿದ ಹೊತ್ತೆಲ್ಲ ಕಸವನ್ನು ಕಸವೆಂದು ಗುರುತಿಸಿ ಎಲೆ ಕೆಳಗಿಡಬೇಕು. ಗಂಟೆಗಟ್ಟಲೆ ಕೂತು, ಆಡದಿರುವುದನ್ನು ಕಲಿಯಬೇಕು. ಎದುರಿನವನು ಯಾವ ಎಲೆಗೆ ಎಷ್ಟು ಕಟ್ಟಿದ್ದ ಎಂದು ನೆನಪಿಡಬೇಕು. ನಮ್ಮ ಎಷ್ಟು ಮಂತ್ರಿಗಳಿಗೆ ಈ ಸಂಯಮ ಇದೆ?

ಪೋಕರ್ ಕೌಶಲದ ಆಟ ಎಂದು ಕರ್ನಾಟಕ ಹೈಕೋರ್ಟ್ 2013ರಲ್ಲೇ ಒಪ್ಪಿತು. ನಮ್ಮ ವಿಧಾನಸೌಧ ಒಪ್ಪಲಿಲ್ಲ. 2021ರಲ್ಲಿ ಪೊಲೀಸ್ ಕಾಯಿದೆಗೆ ತಿದ್ದುಪಡಿ ತಂದು ಆನ್‌ಲೈನ್ ಪಣದಾಟವನ್ನೆಲ್ಲ ಅಪರಾಧ ಮಾಡಿತು. ಲಾಟರಿಗೆ ವಿನಾಯಿತಿ. ಕುದುರೆಗೂ ವಿನಾಯಿತಿ. ಹೆಣ್ಣುಮಗಳು ಲೆಕ್ಕ ಹಾಕಿ ಆಡಿದರೆ ಸಮಾಜ ಕೆಡುತ್ತದೆ, ಕುದುರೆ ಓಡಿದರೆ ಉದ್ಧಾರವಾಗುತ್ತದೆ! 2022ರ ಫೆಬ್ರುವರಿಯಲ್ಲಿ ಹೈಕೋರ್ಟ್ ಆ ತಿದ್ದುಪಡಿಯನ್ನು ರದ್ದುಮಾಡಿತು.

ಇನ್ನು ನಮ್ಮ ಸಂಸ್ಕೃತಿ. ಯುಗಾದಿಯ ಹೊಸತೊಡಕಿಗೆ ಮಂಡ್ಯ ಕಡೆ ಗಂಡಸರು ಜಗಲಿಯ ಮೇಲೆ ಎಲೆ ಹಾಕಿ ಕೂತರೆ ಅದು ಸಂಪ್ರದಾಯ. ಮನೆಯ ಹುಡುಗಿ ಅದನ್ನೇ ಉದ್ಯೋಗ ಎಂದರೆ ‘ಇವಳನ್ನು ಯಾರು ಮದುವೆಯಾಗ್ತಾರೆ?’ ಹೆಂಡತಿಯನ್ನೇ ಪಣಕ್ಕಿಟ್ಟವನು ನಮಗೆ ಧರ್ಮರಾಯ. ತನ್ನ ದುಡ್ಡನ್ನು ಪಣಕ್ಕಿಟ್ಟವಳು ಮನೆಹಾಳಿ.

ಆನ್‌ಲೈನ್‌ನಲ್ಲಿ ಆಡಿಸುತ್ತಿದ್ದ ಕಂಪನಿಗಳೇನು ಸಾಚಾವೇ? ಮೂವತ್ತು ಸೆಕೆಂಡಿನ ಜಾಹೀರಾತು. ಇಪ್ಪತ್ತೈದು ಸೆಕೆಂಡು ನಟನೊಬ್ಬ ಕೋಟಿಯ ಕನಸು ತೋರಿಸುತ್ತಿದ್ದ. ಕೊನೆಯ ಐದು ಸೆಕೆಂಡಿನಲ್ಲಿ, ಬಸ್ಸು ತಪ್ಪಿಹೋಗುವವನಂತೆ ಯಾರೋ ಒದರುತ್ತಿದ್ದ: ಇದು ಚಟವಾಗಬಹುದು, ಆರ್ಥಿಕ ಅಪಾಯವಿದೆ, ಜವಾಬ್ದಾರಿಯಿಂದ ಆಡಿ. ಕೌಶಲ ಇದ್ದವರು ನಾಲ್ಕೇ ಮಂದಿ. ಅವರ ನಗುಮುಖ ತೋರಿಸಿ ಊರಿನ ಹುಡುಗರ ಸಂಬಳ ಬಳಿದುಕೊಂಡರು. ಸಾಲಕ್ಕೆ ಹೆದರಿ ಪ್ರಾಣ ಕಳೆದುಕೊಂಡವರ ಸುದ್ದಿ ಒಳಪುಟಕ್ಕೆ ಹೋಯಿತು.

ಆಗ ಸರ್ಕಾರ ಏನು ಮಾಡುತ್ತಿತ್ತು? ಪಾಲು ಎಣಿಸುತ್ತಿತ್ತು. 2023ರ ಅಕ್ಟೋಬರ್‌ನಿಂದ ಆಟಕ್ಕೆ ಕಟ್ಟಿದ ಪೂರ್ತಿ ಹಣದ ಮೇಲೆ ಶೇ 28 ಜಿಎಸ್‌ಟಿ. ಎಲೆ ಹಂಚುವ ಮೊದಲೇ ವಸೂಲಿ.

2025ರ ಆಗಸ್ಟ್‌ನಲ್ಲಿ ದಿಢೀರನೆ ಜ್ಞಾನೋದಯ. 20ಕ್ಕೆ ಲೋಕಸಭೆ, 21ಕ್ಕೆ ರಾಜ್ಯಸಭೆ, 22ಕ್ಕೆ ರಾಷ್ಟ್ರಪತಿ ಅಂಕಿತ. ಹಣ ಕಟ್ಟಿ ಆಡುವ ಆನ್‌ಲೈನ್ ಆಟ ಪೂರ್ತಿ ನಿಷೇಧ. ಕೌಶಲವೋ ಅದೃಷ್ಟವೋ, ವ್ಯತ್ಯಾಸವೇ ಇಲ್ಲ. ಆಡಿಸಿದವರಿಗೆ ಮೂರು ವರ್ಷದವರೆಗೆ ಜೈಲು. ವರ್ಷಗಟ್ಟಲೆ ನಡೆದ ಲೂಟಿಗೆ ಮೂರು ದಿನದ ಪ್ರಾಯಶ್ಚಿತ್ತ.

ಮನೆ ಉಳಿಸುವುದಕ್ಕೇ ಈ ನಿಷೇಧ ಎಂದರೆ ನಾನೂ ಕೈ ಎತ್ತುತ್ತೇನೆ. ಆದರೆ ಮಾಂಡೋವಿ ನದಿಯ ಮೇಲೆ ಗೋವಾದ ಕ್ಯಾಸಿನೊ ಹಡಗುಗಳು ಇನ್ನೂ ತೇಲುತ್ತಿವೆ. ಅದೇ ಎಲೆ, ಅದೇ ಮೇಜು. ಮೊಬೈಲಿನಲ್ಲಿ ಆಡಿಸಿದರೆ ಅಪರಾಧ, ನೀರಿನ ಮೇಲೆ ಆಡಿಸಿದರೆ ಪ್ರವಾಸೋದ್ಯಮ. ಕೇರಳ ಸರ್ಕಾರದ ಲಾಟರಿ ಅಂಗಡಿಗೆ ಬೀಗ ಬಿದ್ದಿಲ್ಲ. ರೇಸು ನಿಂತಿಲ್ಲ. ಒಂದೇ ತಿಂಗಳಲ್ಲಿ ಅವುಗಳ ಜಿಎಸ್‌ಟಿ ಮಾತ್ರ ಶೇ 40ಕ್ಕೆ ಏರಿತು.

ಜೂಜಾದರೆ ಎಲ್ಲವನ್ನೂ ಮುಚ್ಚಿ, ಇಷ್ಟು ವರ್ಷ ನುಂಗಿದ ತೆರಿಗೆಯನ್ನು ದಿವಾಳಿಯಾದ ಮನೆಗಳಿಗೆ ಹಂಚಿ. ಆಟವಾದರೆ ಆಡುವವರನ್ನು ಬಿಡಿ. ಎರಡೂ ಆಗದು ಎಂದರೆ ನಿಜ ಒಪ್ಪಿಕೊಳ್ಳಿ: ಈ ದೇಶದಲ್ಲಿ ಸೋಲದೆ ಜೂಜಾಡುವ ವೃತ್ತಿಪರ ಒಬ್ಬನೇ. ಅವನ ಕಚೇರಿ ಸರ್ಕಾರಿ ಕಟ್ಟಡದಲ್ಲಿದೆ.